ಕೈಗಡ

ತಾಳ್ಮೆಗೂ ಸ್ಥೈರ್ಯಕ್ಕೂ ಭೂಮಿಯನ್ನೇ ಹೋಲಿಸುವುದು ನಮ್ಮ ರೂಢಿ. ಆದರೆ ಅವಳೂ ತಿರುಗುವಾಗ ಬುಗುರಿಯಂತೆ ತುಸು ಓಲಾಡುತ್ತಾಳೆ. ಅಮೆರಿಕದ ಸೆತ್ ಚಾಂಡ್ಲರ್ 1891ರಲ್ಲಿ ಇದನ್ನು ಗುರುತಿಸಿದ. ಸುಮಾರು 433 ದಿನಕ್ಕೊಂದು ಓಲಾಟ. ಅಷ್ಟರಲ್ಲಿ ಧ್ರುವಬಿಂದು ಕೆಲವು ಮೀಟರುಗಳಷ್ಟು ಅತ್ತಿತ್ತ ಸರಿಯುತ್ತದೆ.

ಅದರ ಪಾಡಿಗೆ ಬಿಟ್ಟಿದ್ದರೆ ಈ ಓಲಾಟ ಕೆಲವು ದಶಕಗಳಲ್ಲಿ ಅಡಗಬೇಕಿತ್ತು. ಅಡಗದಂತೆ ತಳ್ಳುತ್ತಿರುವುದು ಗಾಳಿ ಮತ್ತು ನೀರು. ಮೂರರಲ್ಲಿ ಎರಡು ಪಾಲು ಸಮುದ್ರತಳದ ಮೇಲಿನ ಒತ್ತಡದ ಏರಿಳಿತದಿಂದ, ಉಳಿದದ್ದು ವಾಯುಮಂಡಲದ ಒತ್ತಡದಿಂದ ಎಂದು ನಾಸಾದ ರಿಚರ್ಡ್ ಗ್ರಾಸ್ 2000ದಲ್ಲಿ ಲೆಕ್ಕ ಕೊಟ್ಟರು. ಬಟ್ಟೆ ಹಿಂಡುವ ಯಂತ್ರದಲ್ಲಿ ಒದ್ದೆ ಸೀರೆ ಒಂದೇ ಕಡೆ ಮುದ್ದೆಯಾದರೆ ಯಂತ್ರವೇ ಕುಣಿಯುವುದನ್ನು ಕಂಡ ನಮಗೆ ಇದು ತಿಳಿಯದ ಮಾತೇನಲ್ಲ.

ನನ್ನನ್ನು ಕಾಡಿದ್ದು 2023ರಲ್ಲಿ ಬಂದ ಇನ್ನೊಂದು ಲೆಕ್ಕ. 1993ರಿಂದ 2010ರವರೆಗೆ ಮನುಷ್ಯರು ನೆಲದಡಿಯಿಂದ ಎತ್ತಿದ ನೀರು ಸುಮಾರು 2,150 ಶತಕೋಟಿ ಟನ್. ಅದರಿಂದಲೇ ಧ್ರುವ 80 ಸೆಂಟಿಮೀಟರಿನಷ್ಟು ಸರಿದಿದೆಯಂತೆ. ಹೂವಿನ ಲೆಕ್ಕದಲ್ಲಿ ಎರಡು ಮೊಳಕ್ಕೆ ತುಸು ಕಡಿಮೆ! ಹೆಚ್ಚು ನೀರು ಎತ್ತಿದ ಕಡೆಗಳಲ್ಲಿ ನಮ್ಮ ದೇಶದ ವಾಯವ್ಯ ಭಾಗವೂ ಒಂದು. ಅಲ್ಲಿ ಬೆಳೆದ ಗೋಧಿಯ ಹಿಟ್ಟು ನನ್ನ ಡಬ್ಬಿಯಲ್ಲೂ ಇರಬಹುದು.

ಇಷ್ಟು ಸರಿದದ್ದರಿಂದ ಋತುಗಳೇನೂ ಬದಲಾಗುವುದಿಲ್ಲ. ಕೋಟಿ ಕೋಟಿ ಜನರಿಗೆ ಹಂಚಿದರೆ ನನ್ನ ಪಾಲು ಕೂದಲೆಳೆಯಷ್ಟೂ ಅಲ್ಲ. ಹಾಗಾದರೆ ತಪ್ಪೇನು? ಗಾಳಿಯೂ ಸಮುದ್ರವೂ ಭೂಮಿಯನ್ನು ಅಲುಗಿಸುತ್ತಲೇ ಇವೆಯಲ್ಲ, ಅವನ್ನು ಯಾರು ದೂರುತ್ತಾರೆ?

ದೂರುವುದಲ್ಲ, ಲೆಕ್ಕ ನೋಡೋಣ. ಒಂದು ಋತುವಿನಲ್ಲಿ ಅತ್ತ ಹೋದ ಗಾಳಿಯ ಭಾರ ಇನ್ನೊಂದು ಋತುವಿನಲ್ಲಿ ಇತ್ತ ಬರುತ್ತದೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದು, ಮೊದಲ ತಾರೀಖಿಗೆ ಹಿಂದಿರುಗಿಸಿದ ಹಾಗೆ. ನಾವು ಆಳದಿಂದ ಎತ್ತಿದ ನೀರು ಬಹುಮಟ್ಟಿಗೆ ಕಡಲು ಸೇರುತ್ತದೆ. ಆ ಆಳ ಮತ್ತೆ ತುಂಬಲು ಎಷ್ಟೋ ಮಳೆಗಾಲ ಬೇಕು. ಕೈಗಡ ಸಣ್ಣದು ಎಂಬ ಕಾರಣಕ್ಕೆ ಯಾವ ಗೃಹಿಣಿಯೂ ಅದನ್ನು ಮರೆಯುವುದಿಲ್ಲ. ಕೊಟ್ಟವಳು ಬಾಯಿಬಿಟ್ಟು ಕೇಳದಿದ್ದರಂತೂ ಇನ್ನೂ ಮರೆಯುವುದಿಲ್ಲ.

ಗಾಳಿಗೆ ಈ ನೆನಪಿಲ್ಲ, ಆದ್ದರಿಂದ ಹೊಣೆಯೂ ಇಲ್ಲ. ನಮಗೆ ಎರಡೂ ಇವೆ. ತಾರಸಿಯ ಮೇಲೆ ಬಿದ್ದ ಮಳೆಯನ್ನು ಚರಂಡಿಗೆ ಬಿಡದೆ ಒಂದು ಇಂಗುಗುಂಡಿಗೆ ಇಳಿಸಿದರೆ ಧ್ರುವವೇನೂ ಹಿಂದೆ ಸರಿಯದು. ಒಂದು ಲೋಟವಾದರೂ ಹಿಂದಿರುಗಿಸಿದ ಲೆಕ್ಕ ಮಾತ್ರ ಉಳಿಯುತ್ತದೆ.