ಪದತ್ಯಾಗವೂ ಕೃತಜ್ಞತೆಯೂ



ಪದವಿಯಲ್ಲಿರುವವರನ್ನು ಹೊಗಳುವವರು ಲೋಕದಲ್ಲಿ ಬಹಳ. ಆ ಹೊಗಳಿಕೆಯಲ್ಲಿ ಭಯವೆಷ್ಟು, ಆಸೆಯೆಷ್ಟು, ಭಕ್ತಿಯೆಷ್ಟು ಎಂಬುದನ್ನು ಬೇರ್ಪಡಿಸಿ ತೋರುವುದು ಕಷ್ಟ. ಕೊಡುವ ಅಧಿಕಾರವೂ ದಂಡಿಸುವ ಅಧಿಕಾರವೂ ಕೈಬಿಟ್ಟುಹೋಗಿ, ಮನುಷ್ಯನು ಪೀಠದಿಂದಿಳಿದು ಹೊರಟುನಿಂತಾಗ ಜನರು ಅವನಿಗೆ ಏನು ಹೇಳುವರೋ ಅದೇ ಅವನ ಕಾಯಕದ ನಿಜವಾದ ಬೆಲೆ. ಹೊರಟುನಿಂತವರಿಗೆ ಸಲ್ಲತಕ್ಕ ಕೃತಜ್ಞತೆ ಯಾವುದು ಎಂಬುದೇ ಇಂದಿನ ವಿಚಾರ.

ಶರಣಚರಿತ್ರೆಯಲ್ಲಿ ಇದಕ್ಕೆ ಮಹಾನಿದರ್ಶನ ಬಸವಣ್ಣನವರದು. ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯ ಪದವಿಯಲ್ಲಿದ್ದ ಅವರು, ಹರಳಯ್ಯ ಮಧುವರಸರ ಮನೆಗಳ ನಡುವೆ ನಡೆದ ಮದುವೆಯ ನಿಮಿತ್ತವಾಗಿ ರಾಜ್ಯವೇ ಕೆರಳಿದಾಗ, ಪದವಿಯನ್ನುಳಿಸಿಕೊಳ್ಳುವುದಕ್ಕಾಗಿ ತತ್ತ್ವವನ್ನು ಬಿಡಲಿಲ್ಲ. ಕಲ್ಯಾಣವನ್ನು ತೊರೆದು ಕೂಡಲಸಂಗಮದ ಹಾದಿ ಹಿಡಿದರೆಂದು ಪರಂಪರೆ ಹೇಳುತ್ತದೆ. ಶರಣರು ಅವರಿಗೆ ಸಲ್ಲಿಸಿದ ಗೌರವವಾದರೂ ಹಾರತುರಾಯಿಗಳದ್ದಲ್ಲ. ಅವರು ನಂಬಿ ನಡೆಸಿದ ಧರ್ಮವನ್ನು ಹೆಗಲ ಮೇಲೆ ಹೊತ್ತು, ಚೆನ್ನಬಸವಣ್ಣನವರ ಸಂಗಡ ಉಳವಿಯ ಕಾಡಿನವರೆಗೂ ನಡೆದದ್ದೇ ಆ ಗೌರವ. ಖಾನಾಪುರ ತಾಲೂಕಿನ ಬೀಡಿಯ ಸೀಮೆಯ ಸದ್ಭಕ್ತರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅಲ್ಲಿಗೆ ಸಮೀಪದ ಕಕ್ಕೇರಿಯಲ್ಲಿಯೇ ಡೋಹರ ಕಕ್ಕಯ್ಯನವರು ಶರಣರ ರಕ್ಷಣೆಗಾಗಿ ಹೋರಾಡಿ ಐಕ್ಯರಾದರೆಂಬುದು ತಲೆತಲಾಂತರದ ನಂಬಿಕೆ. ತೊಗಲು ಹದಮಾಡುವ ಕುಲದಲ್ಲಿ ಹುಟ್ಟಿದ ಆ ಮಹಾನುಭಾವರು, ತಮ್ಮನ್ನು ಅಪ್ಪಿಕೊಂಡ ಬಸವಣ್ಣನವರ ಋಣವನ್ನು ತೀರಿಸಿದ್ದು ಮಾತಿನಿಂದಲ್ಲ, ದೇಹದಿಂದ.

ಈ ತತ್ತ್ವವು ಒಂದು ನಾಡಿಗೆ, ಒಂದು ಕಾಲಕ್ಕೆ ಮಾತ್ರ ಸಲ್ಲುವುದಲ್ಲ. ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ 1941ರಲ್ಲಿ, ತಮಿಳು ಮೂಲದ ಒಂದು ಬಡ ಕುಟುಂಬದಲ್ಲಿ ನವನೀತಂ ಪಿಳ್ಳೈ ಎಂಬ ಹೆಣ್ಣುಮಗಳು ಜನಿಸಿದರು. ಕಬ್ಬಿನ ತೋಟಗಳ ಕೂಲಿಗಾಗಿ ಭಾರತದಿಂದ ಸಾಗಿಸಲ್ಪಟ್ಟವರ ಸಂತತಿ ಅದು. ತಂದೆ ಬಸ್ಸಿನ ಚಾಲಕರು. ಮಗಳ ಬುದ್ಧಿಯನ್ನು ಕಂಡ ಕೇರಿಯವರೇ ಹಣ ಕೂಡಿಸಿ ಆಕೆಯನ್ನು ವಿಶ್ವವಿದ್ಯಾಲಯಕ್ಕೆ ಕಳುಹಿದರು. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಪ್ರಸಾದನಿಲಯದಂತಹ ಸ್ಥಳಗಳಲ್ಲಿ ಉಂಡು ಓದಿದ ಮಕ್ಕಳುಳ್ಳ ಮನೆಗಳಿಗೆ, ಅಂತಹ ದಾಸೋಹದ ಬೆಲೆ ಏನೆಂಬುದು ತಿಳಿದೇ ಇದೆ. 1967ರಲ್ಲಿ ಅವರು ನೇಟಾಲ್ ಪ್ರಾಂತದಲ್ಲಿ ಸ್ವಂತ ವಕೀಲಿ ಕಚೇರಿ ತೆರೆದರು. ಬಿಳಿಯರಲ್ಲದ ಸ್ತ್ರೀಯರಲ್ಲಿ ಹಾಗೆ ಮಾಡಿದವರು ಅವರೇ ಮೊದಲಿಗರು. ಬಿಳಿಯ ನೌಕರರು ಕರಿಯ ಬಣ್ಣದವಳ ಅಪ್ಪಣೆ ಕೇಳಬಾರದೆಂಬ ಕಾಲ ಅದಾದುದರಿಂದ, ಪರರ ಕಚೇರಿಯಲ್ಲಿ ಅವರಿಗೆ ಎಡೆಯಿರಲಿಲ್ಲ. 1973ರಲ್ಲಿ ರಾಬೆನ್ ದ್ವೀಪದ ರಾಜಕೀಯ ಕೈದಿಗಳಿಗೆ ವಕೀಲರನ್ನು ಕಾಣುವ ಹಕ್ಕನ್ನು ಅವರು ದೊರಕಿಸಿಕೊಟ್ಟರು. ನೆಲ್ಸನ್ ಮಂಡೇಲಾ ಅವರೂ ಆ ಕೈದಿಗಳಲ್ಲೊಬ್ಬರು. ಮುಂದೆ ರುವಾಂಡಾ ದೇಶದ ನರಮೇಧವನ್ನು ವಿಚಾರಿಸಿದ ಅಂತಾರಾಷ್ಟ್ರೀಯ ನ್ಯಾಯಪೀಠದಲ್ಲಿ ನ್ಯಾಯಾಧೀಶರಾಗಿದ್ದರು. ಸ್ತ್ರೀಯರ ಮಾನಭಂಗವೂ ನರಮೇಧದ ಅಂಗವಾಗಬಲ್ಲುದೆಂದು ಆ ಪೀಠವು 1998ರಲ್ಲಿ ತೀರ್ಪಿತ್ತಿತು. 2008ರ ಸೆಪ್ಟೆಂಬರಿನಿಂದ 2014ರ ಆಗಸ್ಟಿನವರೆಗೆ ಅವರು ಸಂಯುಕ್ತ ರಾಷ್ಟ್ರಸಂಘದ ಮಾನವ ಹಕ್ಕುಗಳ ಹೈಕಮಿಷನರ್ ಪದವಿಯನ್ನು ನಿರ್ವಹಿಸಿದರು.

ಆ ಪದವಿಯಲ್ಲಿರುವವರ ಕೈಯಲ್ಲಿ ಸೈನ್ಯವಿಲ್ಲ, ಸೆರೆಮನೆಯಿಲ್ಲ. ಇರುವುದು ಮಾತೊಂದೇ. ಅದನ್ನು ಬಲಿಷ್ಠರ ಎದುರಿಗೆ ಆಡುವರೋ, ದುರ್ಬಲರ ಎದುರಿಗೆ ಮಾತ್ರ ಆಡುವರೋ ಎಂಬುದರ ಮೇಲೆ ಪದವಿಯ ಘನತೆ ನಿಂತಿದೆ. 2014ರ ಆಗಸ್ಟಿನಲ್ಲಿ, ಪದವಿ ಬಿಡುವುದಕ್ಕೆ ಕೆಲವೇ ದಿನಗಳ ಮೊದಲು, ಅವರು ಭದ್ರತಾ ಮಂಡಲಿಯ ಮುಂದೆಯೇ ನಿಂತು, ಮಂಡಲಿಯು ಇನ್ನಷ್ಟು ಎಚ್ಚರದಿಂದ ನಡೆದಿದ್ದರೆ ಲಕ್ಷಾಂತರ ಜೀವಗಳು ಉಳಿಯುತ್ತಿದ್ದವೆಂಬ ಕಹಿ ಸತ್ಯವನ್ನು ನುಡಿದರು. ರಾಜ್ಯಗಳು ಇಂತಹ ನುಡಿಯನ್ನು ಮೆಚ್ಚುವುದು ಅಪರೂಪ. ಆದರೆ ಅವರು ಹೊರಡುವಾಗ, ನೊಂದವರ ಪಕ್ಷ ಹಿಡಿದು ದುಡಿಯುವ ಜನಸಂಘಟನೆಗಳು ಕೃತಜ್ಞತೆಯನ್ನು ಸಲ್ಲಿಸಿದವು. ಅರಮನೆಯ ಮೆಚ್ಚುಗೆಗಿಂತ ಅಂಗಳದ ಮೆಚ್ಚುಗೆ ದೊಡ್ಡದು.

ಆದರೂ ಅವರಿಗೆ ಸಂದ ಕಾಣಿಕೆಗಳಲ್ಲಿ ಗೃಹಸ್ಥರು ನೆನೆಯಬೇಕಾದುದು ಬೇರೊಂದುಂಟು. ಅದು ಅವರು ಪದವಿಯಲ್ಲಿದ್ದಾಗಲೇ, 2009ರಲ್ಲಿ ಸಂದದ್ದು. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡುವವರು ಅವರಿಗೆ ಕೊಟ್ಟದ್ದು ಒಂದು ಇಟ್ಟಿಗೆ! ಮನುಷ್ಯರ ಕೈಯಿಂದಲೇ ಮಲ ಬಾಚಿಸುತ್ತಿದ್ದ ಒಂದು ಪಾಯಖಾನೆಯನ್ನು ಕೆಡವಿ, ಅದರ ಗೋಡೆಯಿಂದ ತೆಗೆದ ಇಟ್ಟಿಗೆ ಅದು. ಅದನ್ನು ಅವರು ಮರೆಯಲಿಲ್ಲ. ಜಾತಿಯ ಗೋಡೆಯನ್ನು ಕೆಡವಬೇಕೆಂದು ಅದೇ ವರ್ಷ ಬರೆದರು. 2013ರ ಜನವರಿಯಲ್ಲಿ, ಆ ಹೇಯ ಕೆಲಸವನ್ನು ಬಿಟ್ಟು ಭಾರತದುದ್ದಕ್ಕೂ ಯಾತ್ರೆ ಮಾಡಿದ ಸ್ತ್ರೀಯರನ್ನು ಬಹಿರಂಗವಾಗಿ ಶ್ಲಾಘಿಸಿದರು.

ಕನ್ನಡನಾಡಿಗೂ ಆ ಇಟ್ಟಿಗೆಗೂ ಸಂಬಂಧವುಂಟು. ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿಯೇ ತಲೆಯ ಮೇಲೆ ಮಲ ಹೊರಿಸುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಅದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ದೇಶವ್ಯಾಪಿಯಾದ ಚಳವಳಿಯನ್ನು ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದರು. ಹೀಗಿದ್ದರೂ 2010ರಲ್ಲಿ ಸವಣೂರಿನ ಪುರಸಭೆಯ ಎದುರಿಗೆ ಆ ಕಾಯಕದವರು ತಮ್ಮ ಮೈಮೇಲೆ ಮಲವನ್ನೇ ಸುರಿದುಕೊಂಡು ಗೋಳನ್ನು ತೋರಬೇಕಾಯಿತು. ಕಾನೂನು ಕಾಗದದ ಮೇಲಿದ್ದು ಕರುಣೆ ಎದೆಯಲ್ಲಿಲ್ಲದಿದ್ದರೆ ಫಲವೇನು?

ಇಲ್ಲಿ ಒಂದು ಸಂದೇಹವನ್ನು ಪರಿಹರಿಸುವುದು ಅವಶ್ಯ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಶರಣರೇ ಸಾರಿದ ಮೇಲೆ, ಮಲ ಬಾಚುವುದೂ ಕಾಯಕವೇ, ಅದನ್ನು ಮಾಡುವವರು ಮಾಡಿಕೊಂಡಿರಲಿ ಎಂದು ಕೆಲವರು ವಾದಿಸುವುದುಂಟು. ಇದು ತತ್ತ್ವದ ಹೆಸರಿನಲ್ಲಿ ನಡೆಯುವ ಅಪಚಾರ. ಶಿವಶರಣೆ ಸತ್ಯಕ್ಕನವರು ಶಿವಭಕ್ತರ ಅಂಗಳ ಗುಡಿಸುವ ಕಾಯಕ ಕೈಕೊಂಡಿದ್ದರು. ಆದರೆ ಅದನ್ನು ಅವರು ತಾವಾಗಿ ಒಪ್ಪಿ ಮಾಡಿದರು. ಗುಡಿಸಿದ ಕೈಯಿಂದಲೇ ವಚನ ಬರೆದರು. ಶರಣರ ಸಾಲಿನಲ್ಲಿ ಸಮಾನರಾಗಿ ನಿಂತರು. ಒಲಿದು ಮಾಡುವುದು ಕಾಯಕ. ಹುಟ್ಟಿನ ಹಗ್ಗದಿಂದ ಕಟ್ಟಿ ಮಾಡಿಸುವುದು ಬಂಧನ. ಕಾಯಕಕ್ಕೆ ದಾಸೋಹದ ಪಂಕ್ತಿಯಲ್ಲಿ ಎಡೆಯುಂಟು. ಬಂಧನದವನಿಗೆ ಹೊಸ್ತಿಲ ಹೊರಗೆ ಬೇರೆ ಲೋಟ. ಈ ಭೇದವನ್ನರಿಯದೆ ಕಾಯಕದ ಮಹಿಮೆಯನ್ನು ಹೇಳುವವನು ಸತ್ಯಕ್ಕನವರಿಗೂ ದ್ರೋಹ ಬಗೆದಂತೆ.

2013ರ ಕಾನೂನು ಕೈಯಿಂದ ಮಲ ಬಾಚಿಸುವುದನ್ನೂ, ರಕ್ಷಣೆಯ ಸಲಕರಣೆಯಿಲ್ಲದೆ ಮನುಷ್ಯರನ್ನು ಚರಂಡಿಯಲ್ಲಿಯೂ ಮಲದ ಗುಂಡಿಯಲ್ಲಿಯೂ ಇಳಿಸುವುದನ್ನೂ ಅಪರಾಧವೆಂದು ಸಾರಿತು. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮಾರ್ಚಿನಲ್ಲಿ ಆಜ್ಞಾಪಿಸಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಮೊತ್ತ ಏರಿತೆಂದು ಸಂತೋಷಪಡುವಂತಿಲ್ಲ. ಸಾವು ನಿಲ್ಲದಿರುವುದರಿಂದಲೇ ಮೊತ್ತ ಏರಬೇಕಾಯಿತು. ಮನೆಯ ಹಿತ್ತಿಲ ಗುಂಡಿ ತುಂಬಿದಾಗ ಯಂತ್ರಕ್ಕೆ ಕೊಡುವ ನಾಲ್ಕು ಕಾಸು ಉಳಿಯಲೆಂದು ರಾತ್ರಿವೇಳೆ ಇಬ್ಬರು ಬಡವರನ್ನು ಕರೆಯಿಸುವ ಯಜಮಾನನು, ಬೆಳಗಾದರೆ ಲಿಂಗಪೂಜೆಗೆ ಕೂಡುವನಲ್ಲವೇ? ಗುಂಡಿಗೆ ಇಳಿದವನ ಉಸಿರು ಅಲ್ಲಿಯೇ ನಿಂತರೆ, ಆ ಪೂಜೆಯ ಅಗ್ಗಣಿ ಯಾವ ಲಿಂಗಕ್ಕೆ ಮುಟ್ಟೀತು?

ಆದುದರಿಂದ, ದೊಡ್ಡವರು ಪದವಿಯಿಂದ ಇಳಿದು ಹೊರಟಾಗ ಶಾಲು ಹೊದಿಸುವುದು ತಪ್ಪಲ್ಲ. ಅಷ್ಟಕ್ಕೇ ನಿಲ್ಲುವುದು ತಪ್ಪು. ನವನೀತಂ ಪಿಳ್ಳೈ ಅವರು ಪದವಿಯನ್ನು ಬಿಟ್ಟುಹೋದರು. ಆ ಪೀಠಕ್ಕೆ ಮತ್ತೊಬ್ಬರು ಬಂದರು, ಅವರೂ ಹೋದರು. ಅವರ ಕೈಗೆ ಬಂದ ಇಟ್ಟಿಗೆ ಮಾತ್ರ ಪ್ರತಿಯೊಬ್ಬ ಗೃಹಸ್ಥನನ್ನೂ ಒಂದು ಪ್ರಶ್ನೆ ಕೇಳುತ್ತಿದೆ: ನಿನ್ನ ಮನೆಯಲ್ಲಿ ಕೆಡವಬೇಕಾದ ಗೋಡೆ ಯಾವುದು? ಬೀದಿ ಗುಡಿಸಲು ಬಂದ ತಾಯಿಯನ್ನು ಹೆಸರು ಹಿಡಿದು ಕರೆದು, ಮನೆಯವರು ಕುಡಿಯುವ ತಂಬಿಗೆಯಲ್ಲಿಯೇ ನೀರು ಕೊಡುವುದು. ಮನುಷ್ಯನನ್ನು ಗುಂಡಿಗಿಳಿಸುವುದಿಲ್ಲವೆಂದು ಸಂಕಲ್ಪಿಸುವುದು. ಆ ಕೇರಿಯ ಒಂದು ಕೂಸಿನ ಓದಿಗೆ ಮುಷ್ಟಿಧಾನ್ಯ ಎತ್ತಿಡುವುದು. ಇವು ಸಣ್ಣ ಕೆಲಸಗಳೇ. ಆದರೆ ಡರ್ಬನ್ನಿನ ಆ ಕೇರಿಯವರು ಕೂಡಿಸಿದ್ದೂ ಸಣ್ಣ ಕಾಸನ್ನೇ.

ಕಕ್ಕಯ್ಯನವರ ಸಮಾಧಿಗೆ ಕಾಯಿ ಒಡೆಸಿ ಬರುವ ಸದ್ಭಕ್ತರು ಅವರ ಕುಲದವರನ್ನೂ ಆ ಬಗೆಯ ಎಲ್ಲ ಶ್ರಮಜೀವಿಗಳನ್ನೂ ಒಳಮನೆಗೆ ಕರೆದು ಕೂಡಿಸುವ ದಿನವೇ ಶರಣರಿಗೆ ಸಲ್ಲುವ ನಿಜವಾದ ಕೃತಜ್ಞತೆಯ ದಿನ. ಪರಶಿವನು ಸರ್ವರಿಗೂ ಆ ಸದ್ಬುದ್ಧಿಯನ್ನಿತ್ತು ಕಾಪಾಡಲಿ.