ಯಾರ ಫ್ರಾನ್ಸು? ಯಾರ ಬೇಲೂರು?

ಭಾಷೆ ಕಲಿಸುವ ಮೇಷ್ಟ್ರು ಬರೀ ಭಾಷೆ ಕಲಿಸುವುದಿಲ್ಲ. ಮೊದಲ ವಾರದಲ್ಲೇ ಅವರು ಒಂದು ನಾಡನ್ನೂ ಹುಡುಗರ ಕಣ್ಣ ಮುಂದೆ ಕಟ್ಟಿ ನಿಲ್ಲಿಸುತ್ತಾರೆ. ಆ ನಾಡಿನ ಹೊಳೆ ಯಾವುದು, ಊರು ಯಾವುದು, ಜನ ಏನು ಉಣ್ಣುತ್ತಾರೆ, ಯಾವ ಹಬ್ಬ ಮಾಡುತ್ತಾರೆ ಎಂದು ಹೇಳುತ್ತಾರೆ. ನೆಂಟರು ಬಂದಾಗ ಜಗುಲಿಗೆ ಚಾಪೆ ಹಾಸಿ, ಕೊಟ್ಟಿಗೆಯ ಬಾಗಿಲು ಮುಚ್ಚಿಡುತ್ತೇವಲ್ಲ, ಹಾಗೆ ಈ ಪಾಠಗಳು. ಜಗುಲಿ ತೋರಿಸಿದ್ದು ಸುಳ್ಳಲ್ಲ. ಆದರೆ ಜಗುಲಿಯೇ ಮನೆ ಅನ್ನೋದು ಸುಳ್ಳು. ಹೊಸದಾಗಿ ಕಲಿಯಲು ಬಂದವನಿಗೆ ಜಗುಲಿಯನ್ನಷ್ಟೇ ತೋರಿಸಿ ಕಳಿಸುವುದು ನ್ಯಾಯವೇ? ಇದು ವ್ಯಾಕರಣದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ.

ಫ್ರೆಂಚ್ ಪಾಠಕ್ಕೂ ಅರಸೀಕೆರೆಗೂ ಎಲ್ಲಿಯ ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದು ಹಳೇಬೀಡು, ಬೇಲೂರಿನ ದಾರಿ ಹಿಡಿಯುವ ಪರದೇಶದವರನ್ನು ನಾವೆಲ್ಲ ಕಂಡಿದ್ದೇವೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ಯುನೆಸ್ಕೋದ ಮುಖ್ಯ ಕಚೇರಿ ಇರುವುದೂ ಪ್ಯಾರಿಸಿನಲ್ಲೇ. ಒಂದು ವಿದೇಶಿ ಭಾಷೆ ಬಂದರೆ ಗೈಡ್ ಕೆಲಸಕ್ಕೆ ದಾರಿಯಾಗುತ್ತದೆ ಎಂಬ ಲೆಕ್ಕ ನಮ್ಮ ಕೇರಿಯ ಹುಡುಗರಿಗೂ ಗೊತ್ತು. ಬೆಂಗಳೂರಿನ ಉಳ್ಳವರ ಶಾಲೆಗಳಲ್ಲಂತೂ ಫ್ರೆಂಚ್ ಬಹುಕಾಲದಿಂದ ಆಯ್ಕೆಯ ಭಾಷೆ. ನಮ್ಮ ಮಕ್ಕಳೂ ಕಲಿಯಲಿ. ‘ನಿಮಗ್ಯಾಕೆ ಪರಭಾಷೆ, ಇರೋದನ್ನ ನೆಟ್ಟಗೆ ಕಲೀರಿ’ ಅನ್ನುವವರ ಮಾತಿಗೆ ಕಿವಿಗೊಡಬೇಕಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂಬ ಒಂದು ಮಾತಾಡಿದ್ದಕ್ಕೆ ಈ ನಾಡು ಹೇಗೆ ಉರಿದೆದ್ದಿತು, ನೆನಪಿದೆಯಲ್ಲ? ಭಾಷೆಯ ಮೇಲಿನ ಪ್ರೀತಿ ಯಾವಾಗ ಯಜಮಾನಿಕೆಯ ದೊಣ್ಣೆಯಾಗುತ್ತದೆ ಎಂದು ಅಂದು ಏಟು ತಿಂದ ದಲಿತ ವಿದ್ಯಾರ್ಥಿಗಳಿಗೆ ಗೊತ್ತು. ಆದ್ದರಿಂದ ಪ್ರಶ್ನೆ ಕಲಿಯಬೇಕೋ ಬೇಡವೋ ಅನ್ನೋದಲ್ಲ. ಯಾವ ಫ್ರಾನ್ಸನ್ನು ಕಲಿಯಬೇಕು ಅನ್ನೋದು.

ಮೊದಲ ಪುಸ್ತಕಗಳ ಫ್ರಾನ್ಸು ಸಾಮಾನ್ಯವಾಗಿ ಆರು ಮೂಲೆಯ ಒಂದು ಅಚ್ಚುಕಟ್ಟಾದ ನಕ್ಷೆ. ನಡುವೆ ಪ್ಯಾರಿಸು, ಸೇನ್ ನದಿ, 1889ರ ಐಫೆಲ್ ಗೋಪುರ. ಒಂದು ಕಡೆ ಆಲ್ಪ್ಸ್ ಬೆಟ್ಟ, ಇನ್ನೊಂದು ಕಡೆ ಕಡಲು. ಉದ್ದನೆಯ ಬ್ರೆಡ್ಡು, ನೂರು ಬಗೆಯ ಚೀಸು, ಜುಲೈ 14ರ ಹಬ್ಬ. ಇದಿಷ್ಟೇ ಕಲಿತ ಹುಡುಗನನ್ನು ‘ಫ್ರಾನ್ಸಿನ ಅತಿ ಉದ್ದದ ನೆಲಗಡಿ ಯಾವ ದೇಶದ ಜೊತೆ?’ ಎಂದು ಕೇಳಿ ನೋಡಿ. ಸ್ಪೇನ್ ಅಂತಾನೆ, ಬೆಲ್ಜಿಯಂ ಅಂತಾನೆ. ನಿಜವಾದ ಉತ್ತರ ಬ್ರೆಜಿಲ್. ದಕ್ಷಿಣ ಅಮೆರಿಕದಲ್ಲಿರುವ ಫ್ರೆಂಚ್ ಗಯಾನಾ ಇಂದಿಗೂ ಫ್ರಾನ್ಸಿನ ಭಾಗ. ಮಾರ್ಟಿನಿಕ್, ಗ್ವಾದಲೂಪ್, ಹಿಂದೂ ಮಹಾಸಾಗರದ ರೆಯೂನಿಯನ್ ಕೂಡ. ಪುದುಚೇರಿ, ಕಾರೈಕಾಲ್, ಯಾನಂ, ನಮ್ಮ ಕರಾವಳಿಯ ಸಾಲಿನಲ್ಲೇ ತೆಂಕಣಕ್ಕಿರುವ ಮಾಹೆ, ಇವು ಫ್ರೆಂಚರ ಕೈಬಿಟ್ಟದ್ದು 1954ರಲ್ಲಿ. ಕಾಗದಪತ್ರ ಪೂರ್ತಿ ಇತ್ಯರ್ಥವಾದದ್ದು 1962ರಲ್ಲಿ. ಇಂದು ಫ್ರೆಂಚ್ ಆಡುವವರಲ್ಲಿ ಹೆಚ್ಚಿನವರು ಯೂರೋಪಿನಲ್ಲಿಲ್ಲ, ಆಫ್ರಿಕಾದಲ್ಲಿದ್ದಾರೆ. ಅಂದ ಮೇಲೆ ಆ ಆರು ಮೂಲೆಯ ನಕ್ಷೆ ಭೂಗೋಳವಲ್ಲ. ಅದು ಜಗುಲಿ.

‘ಹೊಸಬರಿಗೆ ಇಷ್ಟೆಲ್ಲಾ ಯಾಕೆ? ಮೊದಲು ನಮಸ್ಕಾರ, ಕಾಫಿ, ಸಕ್ಕರೆ ಅನ್ನೋದನ್ನ ಕಲೀಲಿ. ಕಷ್ಟದ್ದು ಆಮೇಲೆ’ ಎಂದು ಮೇಷ್ಟ್ರುಗಳು ಹೇಳುತ್ತಾರೆ. ಸರಿ, ಕಾಫಿ ಸಕ್ಕರೆಯನ್ನೇ ತೆಗೆದುಕೊಳ್ಳೋಣ. ಹದಿನೆಂಟನೆಯ ಶತಮಾನದ ಪ್ಯಾರಿಸಿಗೆ ಅವು ಎಲ್ಲಿಂದ ಬಂದವು? ಇಂದು ಹೈಟಿ ಎನ್ನುವ, ಅಂದು ಸೇಂತ್ ದೊಮಿಂಗ್ ಎನ್ನುತ್ತಿದ್ದ ಕೆರಿಬಿಯನ್ ವಸಾಹತಿನಿಂದ. ಯೂರೋಪು ಕುಡಿದ ಕಾಫಿ, ತಿಂದ ಸಕ್ಕರೆಯ ದೊಡ್ಡ ಪಾಲು ಅಲ್ಲಿಯದು. ಬೆಳೆದವರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು. ಗುಲಾಮ ಎಂದರೆ ಚರಾಸ್ತಿ ಎಂದು 1685ರ ಫ್ರೆಂಚ್ ಕಾನೂನೇ ಬರೆದಿಟ್ಟಿತ್ತು. ಆ ಗುಲಾಮರು 1791ರಲ್ಲಿ ದಂಗೆ ಎದ್ದರು. 1794ರಲ್ಲಿ ಪ್ಯಾರಿಸು ಗುಲಾಮಗಿರಿ ರದ್ದಾಯಿತು ಎಂದಿತು. 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ತಂದ. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. 1825ರಲ್ಲಿ ಫ್ರಾನ್ಸಿನ ರಾಜ ಯುದ್ಧನೌಕೆ ಕಳಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿದ. ಯಾರು ಯಾರಿಗೆ ಪರಿಹಾರ ಕೊಡಬೇಕು? ಬಿಡುಗಡೆಯಾದ ಜೀತಗಾರ ಧಣಿಗೆ! ಜೀತ ಬಿಡಿಸಿಕೊಂಡ ಮೇಲೂ ಸಾಲದ ಚೀಟಿ ಹಿಡಿದು ಹಟ್ಟಿಯ ಬಾಗಿಲಿಗೆ ಬಂದ ಧಣಿಗಳನ್ನು ಕಂಡವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಕಾಫಿ ಎಂಬ ಒಂದು ಪದದ ಪಾಠ ಇದು. ಬೇಲೂರು, ಸಕಲೇಶಪುರದ ಎಸ್ಟೇಟುಗಳ ಲೈನುಮನೆಗಳಲ್ಲಿ ಹುಟ್ಟಿದ ಹುಡುಗಿಗೆ ಆ ಪದದ ಜೊತೆ ಹೈಟಿಯನ್ನೂ ಹೇಳಿಕೊಡಿ. ಆ ಪದ ಅವಳಿಗೆ ಮರೆತುಹೋಗುತ್ತದೆಯೇ? ಅದು ಅವಳ ಮನೆಯ ಮಾತಾಗುತ್ತದೆ. ‘ಆಮೇಲೆ’ ಎನ್ನುವವರಿಗೆ ಒಂದೇ ಮಾತು: ನಮ್ಮ ಶಾಲೆಗಳಲ್ಲಿ ಆಮೇಲೆ ಎಂದು ಮುಂದೂಡಿದ ಪಾಠ ಯಾವತ್ತೂ ಬಂದಿಲ್ಲ.

ಈಗ ನಮ್ಮ ಜಗುಲಿಗೆ ಬರೋಣ. ಬೇಲೂರಿನ ಗುಡಿ ವಿಷ್ಣುವರ್ಧನನ ಕಾಲದ್ದು, 1117ರದು. ಮದನಿಕೆಯರನ್ನು ಕಡೆದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲಿ ಬಿಟ್ಟುಹೋಗಿದ್ದಾರೆ. ಸಂತೋಷ. ದುಡಿದವನ ಹೆಸರು ಉಳಿಯುವುದು ಈ ದೇಶದಲ್ಲಿ ಅಪರೂಪ. ಆದರೆ ಕಲ್ಲು ಒಡೆದವರು, ಹೊತ್ತವರು, ಕೆರೆ ತೋಡಿದವರು ಯಾರು? ಆ ಗುಡಿಯ ಕಲ್ಲಿಗೆ ಬಳಪದ ಕಲ್ಲು ಎನ್ನುತ್ತೇವೆ. ಸ್ಲೇಟಿನ ಮೇಲೆ ಅಕ್ಷರ ತಿದ್ದುವ ಬಳಪವೂ ಅದೇ ಹೆಸರಿನದು. ಒಂದೇ ಕಲ್ಲು ಎಂಟುನೂರು ವರ್ಷ ದೇವರಾಗಿ ನಿಂತಿತು. ಅದರ ಚೂರು ನಮ್ಮ ಮಕ್ಕಳ ಕೈಗೆ ಬರಲು ಅಷ್ಟೂ ಕಾಲ ಹಿಡಿಯಿತು.

ಅದೇ ಗುಡಿಯಲ್ಲಿ ಚೆನ್ನಿಗರಾಯನ ದೊಡ್ಡ ಚರ್ಮದ ಪಾದುಕೆಗಳಿವೆ. ದೇವಿ ಬಾಬಾಬುಡನ್ ಗಿರಿಯಲ್ಲಿ ಉಳಿದುಬಿಟ್ಟಳು, ಅವಳನ್ನು ನೋಡಲು ದೇವರು ನಡೆದು ಹೋಗುತ್ತಾನೆ, ನಡೆದು ನಡೆದು ಮೆಟ್ಟು ಸವೆಯುತ್ತವೆ ಎಂದು ಐತಿಹ್ಯ. ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರಿಗೆ ಕನಸಾಗುತ್ತದೆ. ಅವರು ಹೊಸ ಮೆಟ್ಟು ಹೊಲಿದು ತರುತ್ತಾರೆ. ಅದನ್ನು ಒಪ್ಪಿಸುವುದಕ್ಕೆ ಮಾತ್ರ ಅವರನ್ನು ಗುಡಿಯ ಅಂಗಳಕ್ಕೆ ಬಿಡುತ್ತಿದ್ದರು ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ರೈಸ್ ಸಾಹೇಬರು ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟರು. ಯೋಚಿಸಿ ನೋಡಿ. ಮೆಟ್ಟು ವರ್ಷವಿಡೀ ಒಳಗೆ, ಹೊಲಿದವನು ಹೊರಗೆ! ದೇವರು ಕನಸಿನಲ್ಲಿ ಕೇರಿಗೆ ಬರಬಹುದು, ಕೇರಿಯವನು ಎಚ್ಚರದಲ್ಲಿ ದೇವರ ಬಳಿ ಹೋಗಬಾರದು. ಇದು ಮುಗಿದ ಕಾಲದ ಮಾತು ಅನ್ನಬೇಡಿ. ಇದೇ ಹಾಸನ ಜಿಲ್ಲೆಯ ಸಿಗರನಹಳ್ಳಿಯಲ್ಲಿ ಗುಡಿಗೆ ಹೋದ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ್ದು 2015ರಲ್ಲಿ. ಫ್ರಾನ್ಸಿನವನಿಗೆ ಮದನಿಕೆಯ ಕನ್ನಡಿಯನ್ನು ತೋರಿಸುವ ಗೈಡು ಈ ಮೆಟ್ಟುಗಳ ಮುಂದೆ ನಿಂತು ಏನು ಹೇಳಬೇಕು? ‘ವಿಚಿತ್ರವಾದ ನಂಬಿಕೆ’ ಎಂದು ನಗಿಸಿ ಮುಂದೆ ಹೋಗಬೇಕೇ? ನಾವು ನಮ್ಮ ನಾಡಿನ ಕೊಟ್ಟಿಗೆ ಮುಚ್ಚಿಟ್ಟರೆ, ಫ್ರೆಂಚ್ ಪುಸ್ತಕ ತನ್ನದನ್ನು ಮುಚ್ಚಿಟ್ಟಿದೆ ಎಂದು ದೂರುವ ಬಾಯಿ ನಮಗೆಲ್ಲಿದೆ?

ಇನ್ನು ವ್ಯಾಕರಣಕ್ಕೆ ಬರೋಣ. ಫ್ರೆಂಚ್ ಕಲಿಯುವವನಿಗೆ ಮೊದಲ ದಿನಗಳಲ್ಲೇ ‘ತ್ಯು’, ‘ವೂ’ ಎಂಬ ಎರಡು ಪದ ಬರುತ್ತವೆ. ಕನ್ನಡದವನಿಗೆ ಇದು ಸಲೀಸು: ತ್ಯು ಅಂದರೆ ನೀನು, ವೂ ಅಂದರೆ ನೀವು. ಗೆಳೆಯರಿಗೆ, ಮನೆಯವರಿಗೆ ತ್ಯು. ಹಿರಿಯರಿಗೆ, ಅಪರಿಚಿತರಿಗೆ ವೂ ಎಂದು ಪುಸ್ತಕ ಹೇಳುತ್ತದೆ. ನಮ್ಮೂರಿನ ಪುಸ್ತಕವೂ ಹಿರಿಯರಿಗೆ ನೀವು ಎನ್ನಬೇಕು ಅಂತಲೇ ಹೇಳುತ್ತದೆ. ಆದರೆ ಗೌಡರ ಮನೆಯ ಹತ್ತು ವರ್ಷದ ಹುಡುಗ ಎಪ್ಪತ್ತು ವರ್ಷದ ತಳವಾರನನ್ನು ‘ಏನ್ಲಾ, ಎಲ್ಲೋಗಿದ್ದೆ?’ ಅನ್ನುತ್ತಿದ್ದನಲ್ಲ, ಅದು ಯಾವ ವ್ಯಾಕರಣದ ಸೂತ್ರ? ಅದು ಯಾವ ಪುಸ್ತಕದಲ್ಲೂ ಇಲ್ಲ, ಎಲ್ಲರಿಗೂ ಬಾಯಿಪಾಠವಿದೆ. ಫ್ರೆಂಚಿನಲ್ಲೂ ಹೀಗೇ ಇತ್ತು. 1960ರ ಜೂನ್ 30ರಂದು ಬೆಲ್ಜಿಯಂ ದೊರೆಯ ಎದುರಿಗೇ ನಿಂತು ಕಾಂಗೋದ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ವಸಾಹತುಶಾಹಿಯ ಗಾಯಗಳನ್ನು ಎಣಿಸಿದ. ದುಡಿಮೆ, ಏಟು, ಕಿತ್ತುಕೊಂಡ ಭೂಮಿ. ಅವುಗಳ ನಡುವೆ ಇದನ್ನೂ ಎಣಿಸಿದ: ಕರಿಯನನ್ನು ತ್ಯು ಎಂದು ಕರೆದದ್ದು ಗೆಳೆತನದಿಂದಲ್ಲ, ಮರ್ಯಾದೆಯ ವೂ ಬಿಳಿಯನಿಗೆ ಮಾತ್ರ ಮೀಸಲಾಗಿತ್ತು. ಮುಂದಿನ ಜನವರಿಯಲ್ಲಿ ಅವನನ್ನು ಕೊಂದರು. ತ್ಯು-ವೂ ಪಾಠದಲ್ಲಿ ಲುಮುಂಬಾನ ಹೆಸರು ಬಾರದಿದ್ದರೆ ಆ ಪಾಠ ಅರ್ಧ.

ಇಲ್ಲೊಂದು ಸೂಕ್ಷ್ಮವಿದೆ. 1793ರ ಪ್ಯಾರಿಸಿನ ಕ್ರಾಂತಿಕಾರಿಗಳು ಎಲ್ಲರೂ ಎಲ್ಲರನ್ನೂ ತ್ಯು ಎಂದೇ ಕರೆಯಬೇಕು, ಅದೇ ಸಮಾನತೆ ಎಂದರು. ದೊರೆಯನ್ನೂ ನೀನು ಎನ್ನುವುದು ಅವರಿಗೆ ಬಿಡುಗಡೆ. ನಮ್ಮವರು ಕೇಳಿದ್ದು ಅದಲ್ಲ. ತಲತಲಾಂತರದಿಂದ ನೀನು ಎನ್ನಿಸಿಕೊಂಡವನಿಗೆ ಇನ್ನೊಂದು ನೀನು ಯಾವ ಕ್ರಾಂತಿ? ಅವನು ಕೇಳುವುದು ನೀವು. ಮೇಲಿನವರನ್ನು ಕೆಳಕ್ಕೆಳೆಯುವ ಸಮಾನತೆ ಬೇರೆ, ಎಲ್ಲರನ್ನೂ ಮರ್ಯಾದೆಯ ಮಟ್ಟಕ್ಕೆ ಏರಿಸುವ ಸಮಾನತೆ ಬೇರೆ. ಬೇಲೂರಿನ ಉಳಿಯ ಸದ್ದು ಕೇಳುತ್ತಿದ್ದ ಅದೇ ಶತಮಾನದಲ್ಲಿ ಕಲ್ಯಾಣದ ಹರಳಯ್ಯ ‘ಶರಣು’ ಎಂದಾಗ ಬಸವಣ್ಣ ‘ಶರಣು ಶರಣಾರ್ಥಿ’ ಎಂದನಂತೆ. ಒಂದು ಮಾತು ಹೆಚ್ಚಾಯಿತು. ಆ ಋಣ ತೀರಿಸಲು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಮೆಟ್ಟು ಮಾಡಿದರು ಎನ್ನುತ್ತದೆ ಕಥೆ. ಭಕ್ತಿಯ ಕಥೆ ಎಂದು ಇದನ್ನು ಹಾಡುತ್ತಾರೆ. ನಾವು ಇನ್ನೊಂದು ಬಗೆಯಲ್ಲಿ ಓದಬೇಕು: ಒಂದು ಮರ್ಯಾದೆಯ ಮಾತಿಗೆ ಚರ್ಮವನ್ನೇ ಕೊಡಬೇಕೆನ್ನಿಸಬೇಕಾದರೆ, ಅದಕ್ಕೆ ಮೊದಲು ಎಷ್ಟು ತಲೆಮಾರು ಆ ಮಾತಿಲ್ಲದೆ ಬದುಕಿರಬೇಕು? ಕಡೆಗೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಇಬ್ಬರು ತಂದೆಯರಿಗೂ ಸಿಕ್ಕಿದ್ದು ಮರಣದಂಡನೆ.

ಹಾಗಾದರೆ ಫ್ರೆಂಚರನ್ನು ದ್ವೇಷಿಸಬೇಕೇ? ಇಲ್ಲ. ಒಂದು ಜನಾಂಗಕ್ಕೆ ಒಂದೇ ಸಂಸ್ಕೃತಿ ಇದೆ ಎನ್ನುವುದನ್ನು ನಂಬಬಾರದು, ಅಷ್ಟೆ. ನಮ್ಮ ಮೈಸೂರು ಸೀಮೆಗೇ ಎರಡು ಫ್ರಾನ್ಸುಗಳು ಬಂದಿದ್ದವು. 1797ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಫ್ರೆಂಚ್ ಸಿಪಾಯಿಗಳು ಸ್ವಾತಂತ್ರ್ಯದ ಗಿಡ ನೆಟ್ಟರು ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಅದು ಒಂದು. ಅದೇ ಕ್ರಾಂತಿಯ ಕಾಲದಲ್ಲಿ ಫ್ರಾನ್ಸು ಬಿಟ್ಟು ಬಂದ ಪಾದ್ರಿ ಅಬ್ಬೆ ದುಬ್ವಾ ಇನ್ನೊಂದು. ಟಿಪ್ಪು ಬಿದ್ದ ಮೇಲೆ ಅವನು ಮೈಸೂರು ಸೀಮೆಗೆ ಬಂದ. ಹಾಸನದ ಬಳಿ ಬೇಸಾಯದ ನೆಲೆ ಕಟ್ಟಿದ, ಸಿಡುಬಿಗೆ ದೇವಿ ಹಾಕಿಸಲು ಓಡಾಡಿದ. ಒಳ್ಳೆಯ ಕೆಲಸ, ಮರೆಯಬಾರದು. ಆದರೆ ನಮ್ಮ ಜನರ ನಡೆನುಡಿಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಹೊಲೆಯರ ದುರ್ದೆಸೆಯನ್ನು ವರ್ಣಿಸಿಯೂ, ಜಾತಿವ್ಯವಸ್ಥೆಯನ್ನು ಹಿಂದೂ ಶಾಸನಕಾರರ ಶ್ರೇಷ್ಠ ಸೃಷ್ಟಿ ಎಂದು ಹೊಗಳಿದ. ಸಮಾನತೆಯಿಂದ ಓಡಿಬಂದವನಿಗೆ ನಮ್ಮ ಶ್ರೇಣಿಯಲ್ಲಿ ನೆಮ್ಮದಿ ಕಂಡಿತು! ಗಿಡ ನೆಟ್ಟವನೂ ಫ್ರೆಂಚ್, ಜಾತಿ ಹೊಗಳಿದವನೂ ಫ್ರೆಂಚ್. ಮೇಷ್ಟ್ರು ಯಾವುದನ್ನು ‘ಫ್ರೆಂಚ್ ಸಂಸ್ಕೃತಿ’ ಎಂದು ಕಲಿಸಬೇಕು? ಎರಡನ್ನೂ. ಆ ಎರಡರ ಜಗಳವನ್ನೂ.

ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮೂರು ಪದಗಳನ್ನು ಫ್ರಾನ್ಸು ಜಗತ್ತಿಗೆ ಕೊಟ್ಟ ಉಡುಗೊರೆ ಎಂದು ಎಲ್ಲ ತರಗತಿಗಳಲ್ಲೂ ಹೇಳುತ್ತಾರೆ. 1954ರಲ್ಲಿ ಆಕಾಶವಾಣಿಯಲ್ಲಿ ಮಾತಾಡುತ್ತಾ ಬಾಬಾಸಾಹೇಬರು, ನಾನು ಇವನ್ನು ಫ್ರೆಂಚ್ ಕ್ರಾಂತಿಯಿಂದ ಎರವಲು ಪಡೆದಿಲ್ಲ, ನನ್ನ ಗುರು ಬುದ್ಧನಿಂದ ಪಡೆದೆ ಎಂಬರ್ಥದ ಮಾತನ್ನು ಹೇಳಿದರು. ಅದು ಫ್ರೆಂಚರ ಮೇಲಿನ ಸಿಟ್ಟಲ್ಲ. ಸಮಾನತೆಯನ್ನು ಚೀಸಿನ ಹಾಗೆ ಒಂದು ದೇಶದ ಸರಕು ಮಾಡಿಬಿಟ್ಟರೆ, ನಾವು ಯಾವತ್ತೂ ಗಿರಾಕಿಗಳಾಗಿಯೇ ಉಳಿಯುತ್ತೇವೆ. ಹೈಟಿಯ ಗುಲಾಮರೂ ಗಿರಾಕಿಗಳಾಗಲಿಲ್ಲ. 1789ರ ಮಾನವ ಹಕ್ಕುಗಳ ಘೋಷಣೆಯನ್ನು ಹಿಡಿದು ‘ಈ ಮಾನವ ಅನ್ನೋದರಲ್ಲಿ ನಾವಿದ್ದೇವೋ ಇಲ್ಲವೋ?’ ಎಂದು ಕೇಳಿದರು. ಪ್ಯಾರಿಸು ತಡವರಿಸಿತು. ಆ ಪದಗಳಿಗೆ ಪೂರ್ತಿ ಅರ್ಥ ಬಂದದ್ದು ಅವುಗಳನ್ನು ಬರೆದವರಿಂದಲ್ಲ, ಅವುಗಳಿಂದ ಹೊರಗುಳಿದವರಿಂದ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಲ್ಲಿ, ಕಲಿಯುವ ಗೆಳೆಯರಲ್ಲಿ ಕೇಳಿಕೊಳ್ಳುವುದು ಇಷ್ಟೆ. ಯಾವ ಭಾಷೆಯನ್ನಾದರೂ ಕಲಿಸಿ, ಕಲಿಯಿರಿ. ನಕ್ಷೆ ಬಿಡಿಸುವಾಗ ಪ್ಯಾರಿಸಿನ ಜೊತೆ ಹೈಟಿಯನ್ನೂ ಪುದುಚೇರಿಯನ್ನೂ ಗುರುತಿಸಿ. ಬೇಲೂರಿನ ನಕ್ಷೆ ಬಿಡಿಸುವಾಗ ಗುಡಿಯ ಜೊತೆ ಕೇರಿಯನ್ನೂ ಗುರುತಿಸಿ. ಕೇಳಲು ಬಂದ ಫ್ರೆಂಚನಿಗೆ ಆ ಮೆಟ್ಟುಗಳ ಕಥೆಯನ್ನು ಅವನ ಭಾಷೆಯಲ್ಲೇ, ಹೊಲಿದವರ ಕಡೆಯಿಂದ ಹೇಳಿ. ಅವನಿಗೂ ತನ್ನ ದೇಶದ ಕಾಫಿ, ಸಕ್ಕರೆ ನೆನಪಾದರೆ ಒಳ್ಳೆಯದೇ. ಆ ಹೊತ್ತು ಇಬ್ಬರೂ ಜಗುಲಿ ಇಳಿದು ಕೊಟ್ಟಿಗೆಯ ಬಾಗಿಲು ತೆರೆದಿರುತ್ತಾರೆ. ಮತ್ತೆ ಆ ‘ವೂ’ ಎಂಬ ಪದವನ್ನು ಕಲಿತ ಸಂಜೆ, ಊರಿಗೆ ಹೋಗಿ ಚರಂಡಿ ಬಳಿಯುವ ಹಿರಿಯನನ್ನು ‘ನೀವು’ ಎಂದು ಕರೆಯಲು ನಾಲಿಗೆ ಏಳುತ್ತದೋ ಇಲ್ಲವೋ ನೋಡಿಕೊಳ್ಳಿ. ಏಳದಿದ್ದರೆ ನಮಗಿನ್ನೂ ಯಾವ ಭಾಷೆಯೂ ಬಂದಿಲ್ಲ, ಕನ್ನಡವೂ ಸೇರಿ.