ಹಳೆಯ ಕುಂಟೆಯೂ ಸತ್ಯಶುದ್ಧ ಕಾಯಕವೂ

ಮಹಾನವಮಿಯ ಖಂಡೇಪೂಜೆಯ ದಿವಸ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಒಕ್ಕಲು ಮನೆಗಳ ಅಂಗಳವನ್ನು ನೋಡುವದೇ ಒಂದು ಸಂತೋಷ. ರಂಟೆ, ಕೂರಿಗೆ, ಕುಂಟೆ, ಎಡೆಕುಂಟೆ, ಕುಡಗೋಲು ಎಲ್ಲವೂ ಮೈತೊಳೆಸಿಕೊಂಡು ಸಾಲಾಗಿ ನಿಂತಿರುವವು. ಈಚಿನ ದಶಕಗಳಲ್ಲಿ ಅವುಗಳ ಮಗ್ಗುಲಿಗೆ ಟ್ರ್ಯಾಕ್ಟರೂ, ಅದರ ಹಿಂದೆ ಕಟ್ಟುವ ಸ್ಪ್ರಿಂಗಿನ ಕುಂಟೆಯೂ ಬಂದು ನಿಂತಿವೆ. ಮನೆಯ ಹಿರಿಯನು ಎಲ್ಲಕ್ಕೂ ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದು ಕೈಮುಗಿಯುವನು. ಆದರೆ ಅದೇ ಅಂಗಳವನ್ನು ಮಳೆಗಾಲದ ನಡುವೆ ಒಮ್ಮೆ ಹೋಗಿ ನೋಡಬೇಕು. ಪೂಜೆಗೊಂಡ ಕುಂಟೆಯು ತಿಪ್ಪೆಯ ಹತ್ತಿರ ಕೆಸರಿನಲ್ಲಿ ಹಲ್ಲೂರಿ ಬಿದ್ದಿರುವದು. ಮೇಲೆ ಕೋಳಿಗಳು ಕೂತಿರುವವು. ಒಂದು ದಿವಸ ಮೈಗೆ ವಿಭೂತಿ, ಉಳಿದ ದಿವಸಗಳಲ್ಲಿ ಮೈತುಂಬ ತುಕ್ಕು. ಇದಕ್ಕೆ ಪೂಜೆಯೆಂದು ಹೆಸರಿಡಬಹುದೆ ಎಂದು ಶರಣರು ಕೇಳದೆ ಬಿಡುತ್ತಿದ್ದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳುವದು ಅವಶ್ಯ. ಇಷ್ಟಲಿಂಗನಿಷ್ಠನಾದ ವೀರಶೈವನಿಗೆ ಪೂಜ್ಯವಾದದ್ದು ಲಿಂಗವೊಂದೇ. ಕಬ್ಬಿಣವನ್ನಾಗಲಿ ಕಟ್ಟಿಗೆಯನ್ನಾಗಲಿ ದೇವರೆಂದು ಬಗೆಯುವದು ಬಸವಾದಿ ಪ್ರಮಥರ ಮತವಲ್ಲ. ಹಾಗಾದರೆ ಕುಂಟೆಗೆ ಸಲ್ಲುವದು ಏನು? ಕುಂಟೆಗೆ ಸಲ್ಲತಕ್ಕದ್ದು ಎಣ್ಣೆ, ನೆರಳು, ಸಮಯಕ್ಕೆ ಸರಿಯಾದ ದುರಸ್ತಿ. ಕಾಯಕದ ಸಾಧನವನ್ನು ಶುದ್ಧವಾಗಿಡುವದು ಕಾಯಕದ ಒಂದು ಅಂಗ. ಅಂಗವು ಕೆಟ್ಟರೆ ಕಾಯಕವೂ ಕೆಡುವದು. ಕಾಯಕ ಕೆಟ್ಟ ಮನೆಯಲ್ಲಿ ದಾಸೋಹಕ್ಕೆ ಅಕ್ಕಿ ಎಲ್ಲಿಂದ ಬರಬೇಕು?

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಚ್ಚಿನವರು ಕೈಯಲ್ಲಿ ಒಂದೊಂದು ಸಾಧನವನ್ನು ಹಿಡಿದವರೇ. ಒಕ್ಕಲಿಗ ಮುದ್ದಣ್ಣನು ಬೇಸಾಯದ ಮಾತುಗಳಿಂದಲೇ ಅನುಭಾವವನ್ನು ಬಿಡಿಸಿ ಹೇಳಿದನು. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದು ಜಂಗಮದಾಸೋಹ ನಡೆಸಿದನು. ತೋಟವನ್ನು ಅಗೆಯುತ್ತಿದ್ದ ಗೊಗ್ಗಯ್ಯನ ಬಳಿಗೆ ಅಲ್ಲಮಪ್ರಭುಗಳು ಹೋಗಿ, ಆತನ ಗುದ್ದಲಿಯ ಕೆಲಸದಿಂದಲೇ ಒಳಗಿನ ತೋಟದ ಕೃಷಿಯನ್ನು ತಿಳಿಸಿಕೊಟ್ಟ ಪ್ರಸಂಗವು ಚಾಮರಸನ ಪ್ರಭುಲಿಂಗಲೀಲೆಯನ್ನು ಕೇಳಿದವರಿಗೆಲ್ಲ ಗೊತ್ತು. ಇದೇ ಸೀಮೆಯ ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಚೌಡಯ್ಯದಾನಪುರವಿದೆ. ಹೊಳೆ ದಾಟಿಸುವ ಅಂಬಿಗನು ದೋಣಿಯ ಬಿರುಕನ್ನು ನೋಡದೆ ಹುಟ್ಟುಹಾಕಿದರೆ ಏನಾಗುವದೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕುಂಟೆಯ ಬಿರುಕು ಮನುಷ್ಯನನ್ನು ಅಷ್ಟು ಬೇಗ ಮುಳುಗಿಸುವದಿಲ್ಲ; ನಿಧಾನವಾಗಿ, ಸಾಲದ ರೂಪದಲ್ಲಿ ಮುಳುಗಿಸುವದು.

ಕುಂಟೆಯೆಂದರೆ ಹಿಂದಿನವರಿಗೆ ಜಾಲಿಯ ದಿಂಡು, ಎರಡು ತಾಳು, ಅವುಗಳ ನಡುವೆ ಅಡ್ಡಲಾಗಿ ಕುಡ. ಎತ್ತುಗಳು ಎಳೆದಂತೆ ಕುಡವು ಮಣ್ಣಿನೊಳಗೆ ಸರಿದು ಕಳೆಯ ಬೇರನ್ನು ಕೊಯ್ಯುವದು. ಸ್ಪ್ರಿಂಗಿನ ಕುಂಟೆಯ ರೀತಿ ಬೇರೆ. ಅದು ಕೊಯ್ಯುವದಿಲ್ಲ, ಕೆದರುವದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅಮೇರಿಕೆಯ ಕಲ್ಲು ಬೇರುಗಳು ತುಂಬಿದ ಹೊಸ ಹೊಲಗಳಲ್ಲಿ ಗಟ್ಟಿ ಹಲ್ಲುಗಳು ಮುರಿಯುತ್ತಿದ್ದುದರಿಂದ, ಬಾಗಿ ಮತ್ತೆ ನೆಟ್ಟಗಾಗುವ ಉಕ್ಕಿನ ಹಲ್ಲನ್ನು ಅಲ್ಲಿಯವರು ಕಂಡುಹಿಡಿದರು. ಆ ಹಳೆಯ ಬಗೆಯಲ್ಲಿ ಕೊಕ್ಕೆಯಂತೆ ಬಳುಕಿದ ಹಲ್ಲೇ ಸ್ಪ್ರಿಂಗು. ಇಂದು ಈ ಮೂರು ತಾಲೂಕುಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಹೆಚ್ಚಾಗಿ ಕಾಣುವದು ಅದರ ತಮ್ಮನಂತಿರುವ ಕಲ್ಟಿವೇಟರು. ಇದರ ಒಂಬತ್ತು ಅಥವಾ ಹನ್ನೊಂದು ಹಲ್ಲುಗಳು ಗಟ್ಟಿಯಾಗಿಯೇ ಇದ್ದು, ಒಂದೊಂದರ ಮೇಲೆಯೂ ಸುರುಳಿ ಸ್ಪ್ರಿಂಗುಗಳು ಕೂತಿರುವವು. ಹಲ್ಲು ಕಲ್ಲಿಗೆ ತಾಗಿದಾಗ ಹಿಂದಕ್ಕೆ ಸರಿಯುವದು; ಕಲ್ಲು ದಾಟಿದ ಕೂಡಲೆ ಸ್ಪ್ರಿಂಗು ಅದನ್ನು ತನ್ನ ಜಾಗಕ್ಕೆ ಎಳೆದು ತರುವದು. ಬಾಗಲಾರದ ಹಲ್ಲು ಮುರಿಯುವದು. ಸ್ಪ್ರಿಂಗು ಸತ್ತ ಹಲ್ಲಾದರೋ ಸಣ್ಣ ಹೆಂಟೆಗೂ ಶರಣುಹೋಗುವದು. ಸಂಸಾರದಲ್ಲಿ ಈ ಎರಡು ಬಗೆಯ ಜನರನ್ನೂ ಕಾಣಬಹುದು.

ಹೊಸ ಸಾಧನಗಳನ್ನು ಕಂಡು ಅಂಜುವದು ಒಕ್ಕಲಿಗನ ಹಳೆಯ ಗುಣ. ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲನ್ನು ಮಾಡತೊಡಗಿದಾಗ, ಕಬ್ಬಿಣವು ಭೂಮಿಗೆ ವಿಷವೆಂದು ರೈತರು ಮುಟ್ಟದೆ ಹೋದದ್ದು ಪ್ರಸಿದ್ಧವಾಗಿದೆ. ಮುಂದೆ ಮೊಮ್ಮಕ್ಕಳು ಅದೇ ನೇಗಿಲನ್ನು ಮನೆತನದ ಆಸ್ತಿಯೆಂದು ಕಾದುಕೊಂಡರು. ಈಗಿನ ಚಟ ಇದಕ್ಕೆ ತಿರುಗುಮುರುಗು. ಹಳೆಯದನ್ನು ಕಂಡರೆ ನಾಚಿಕೆ, ಹೊಸದರ ಬಣ್ಣ ಕಂಡರೆ ಸಾಲದ ಕಾಗದಕ್ಕೆ ಅಂಗೈ ಚಾಚುವದು.

ಉಪಯೋಗಿಸುವ ಕ್ರಮದಲ್ಲಿ ಮೊದಲು ನೋಡತಕ್ಕದ್ದು ಹದ. ಎರೆಭೂಮಿಯು ಹಸಿಯಾಗಿ ಅಂಟುತ್ತಿರುವಾಗ ಹರಗಿದರೆ ಮಣ್ಣು ಹಲ್ಲಿಗೆ ಮೆತ್ತಿಕೊಂಡು ಮುದ್ದೆಯಾಗುವದು. ಬಿಸಿಲಿಗೆ ಒಣಗಿದ ಮೇಲೆ ಆ ಮುದ್ದೆ ಇಟ್ಟಿಗೆಯಂತಾಗುವದು. ತೀರ ಒಣಗಿದಾಗ ಹೊಕ್ಕರೆ ದೊಡ್ಡ ಹೆಂಟೆಗಳು ಎದ್ದು ಕೂಡುವವು. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ, ಬಿಟ್ಟರೆ ಪುಡಿಯಾಗಿ ಉದುರುವ ಹೊತ್ತೇ ಹದ. ಮಸಾರಿ ಭೂಮಿಯನ್ನು ಮತ್ತೆ ಮತ್ತೆ ಹರಗಿ ಹಿಟ್ಟಿನಂತೆ ಮಾಡುವದೂ ತಪ್ಪು. ಮೊದಲ ಬಿರುಸು ಮಳೆಗೆ ಆ ಹಿಟ್ಟು ಹೆಪ್ಪುಗಟ್ಟಿ ಮೊಳಕೆಯನ್ನು ತಡೆಯುವದು, ಇಳಿಜಾರಿದ್ದರೆ ಹಳ್ಳಕ್ಕೆ ಹರಿದುಹೋಗುವದು. ಆದುದರಿಂದ ಇಳಿಜಾರಿಗೆ ಅಡ್ಡಲಾಗಿಯೇ ಹರಗತಕ್ಕದ್ದು.

ಈ ಕುಂಟೆಯ ನಿಜವಾದ ಬಲ ಕಾಣುವದು ಕರಿಕೆಯ ಹೊಲದಲ್ಲಿ. ಕೊಯ್ಯುವ ಕುಡವು ಕರಿಕೆಯನ್ನು ತುಂಡುಮಾಡುವದು, ಪ್ರತಿಯೊಂದು ತುಂಡೂ ಮತ್ತೆ ಬೇರು ಬಿಡುವದು; ಒಂದು ಕರಿಕೆಯನ್ನು ಕೊಂದು ಹತ್ತು ಕರಿಕೆಯನ್ನು ಹುಟ್ಟಿಸಿದಂತೆ. ಸ್ಪ್ರಿಂಗಿನ ಹಲ್ಲು ಬೇರನ್ನು ಕೆದರಿ ಉದ್ದಕ್ಕೆ ಎಳೆದು ಮೇಲೆ ಹಾಕುವದು. ಬೇಸಗೆಯ ಬಿಸಿಲು ಉಳಿದ ಕೆಲಸ ಮಾಡುವದು. ಆಮೇಲೆ ಅದನ್ನು ಆಯ್ದು ಬದುವಿನಾಚೆ ಹಾಕಬೇಕು. ಅಲ್ಲೇ ಬಿಟ್ಟರೆ ರೋಹಿಣಿ ಮಳೆಗೆ ಮತ್ತೆ ಚಿಗುರುವದು. ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತು ಅದರ ಬಣ್ಣದ ಕೀರ್ತಿ ಇನ್ನಷ್ಟು ಹಬ್ಬಿತು. ಆದರೆ ಪೇಟೆಯಲ್ಲಿ ಆ ಕೆಂಪನ್ನು ಮೆಚ್ಚುವವರಿಗೆ, ಸಸಿ ಹಚ್ಚುವ ಮುಂಚೆ ಹೊಲ ಹಸನುಮಾಡಿದವನ ಬೆವರು ಕಾಣುವದಿಲ್ಲ.

ಓಡಿಸುವ ವೇಗದಲ್ಲಿಯೂ ಧರ್ಮಾಧರ್ಮವಿದೆ. ಎಕರೆಯ ಲೆಕ್ಕದಲ್ಲಿ ಬಾಡಿಗೆ ಹಿಡಿದವನು ಕುದುರೆಯಂತೆ ಓಡಿಸುವನು; ತಾಸಿನ ಲೆಕ್ಕದವನು ಆಮೆಯಂತೆ ಎಳೆಯುವನು. ಮೊದಲನೆಯವನ ಹಲ್ಲು ಮೇಲೆ ಮೇಲೆ ಜಿಗಿದು ಹೋಗುವದು. ಹೊಲದೊಡೆಯನು ಹಿಂದೆ ನಡೆದು ನೋಡಿದರೆ ಗೆರೆಗಳು ಕಂಡಾವು, ಹಸನಾದ ಮಣ್ಣು ಕಾಣಲಾರದು. ನೋಡುವವರಿಲ್ಲದಾಗಲೂ ಆಳ ಬಿಡದೆ ಹರಗುವದೇ ಸತ್ಯಶುದ್ಧ ಕಾಯಕ.

ಇನ್ನು ಜೋಪಾನದ ಮಾತು. ಹೊಲದಿಂದ ಬಂದ ಸಂಜೆಯೇ ಹಲ್ಲುಗಳಿಗೆ ಮೆತ್ತಿದ ಮಣ್ಣನ್ನು ಕೆರೆದು ತೆಗೆಯಬೇಕು; ಹಸಿಮಣ್ಣು ಅಪ್ಪಿಕೊಂಡಷ್ಟು ಹೊತ್ತು ತುಕ್ಕು ತಿನ್ನುತ್ತಲೇ ಇರುವದು. ಪಾನಾ ಹಿಡಿದು ಒಂದೊಂದು ನಟ್ಟನ್ನೂ ಮುಟ್ಟಿ ನೋಡಬೇಕು. ಕುಂಟೆಯು ನಡುಗುತ್ತ ದುಡಿಯುವ ಸಾಧನ. ನಟ್ಟು ಸಡಿಲಾಗುವದು ಅದರ ಸ್ವಭಾವ. ಸಡಿಲಾದ ಹಲ್ಲು ತನ್ನ ತೂತನ್ನು ತಾನೇ ದೊಡ್ಡದು ಮಾಡಿಕೊಂಡು ಕೊನೆಗೆ ಚೌಕಟ್ಟನ್ನೇ ಸೀಳುವದು. ಹಲ್ಲಿನ ತುದಿಗೆ ಬೋಲ್ಟು ಹಾಕಿ ಕೂಡಿಸಿದ ಬಾಯಿಗೆ ಬಹುಮಟ್ಟಿಗೆ ಎರಡು ಕಡೆಯೂ ಮೊನೆಯಿರುವದು. ಒಂದು ಕಡೆ ಸವೆದಾಗ ತಿರುಗಿಸಿ ಹಾಕಿದರೆ ಇನ್ನೊಂದು ಹಂಗಾಮು ದುಡಿಯುವದು. ಸವೆದದ್ದನ್ನು ನೋಡದೆ ಬಿಟ್ಟರೆ ಹಲ್ಲಿನ ಉಕ್ಕೇ ಸವೆಯತೊಡಗುವದು. ನಾಲ್ಕು ಕಾಸು ಉಳಿಸಹೋಗಿ ನಾಲ್ಕು ನೂರು ಕಳೆದಂತೆ. ಸಮನಾದ ನೆಲದ ಮೇಲೆ ನಿಲ್ಲಿಸಿ ಎಲ್ಲ ಹಲ್ಲುಗಳೂ ಒಂದೇ ಮಟ್ಟಕ್ಕೆ ನೆಲ ಮುಟ್ಟುವವೋ ಎಂದು ನೋಡತಕ್ಕದ್ದು. ಹಗುರ ಮಣ್ಣಿನಲ್ಲಿಯೂ ಹಿಂದಕ್ಕೆ ಬಾಗುವ ಹಲ್ಲಿದ್ದರೆ ಅದರ ಸ್ಪ್ರಿಂಗನ್ನು ಬದಲಿಸಬೇಕು.

ಕಮ್ಮಾರಸಾಲೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಕುಂಟೆಯ ಕುಡವನ್ನು ಕುಲುಮೆಯಲ್ಲಿ ಕಾಸಿ ಹಣಿಸುವದು ಸರಿಯಾದ ಪದ್ಧತಿ. ಆದರೆ ಸ್ಪ್ರಿಂಗಿನ ಉಕ್ಕಿನ ಹಲ್ಲನ್ನು ಹಾಗೆ ಕೆಂಪಗೆ ಕಾಸಿದರೆ ಅದರ ಹದವೇ ಹೋಗುವದು. ನೋಡಲಿಕ್ಕೆ ಹಲ್ಲು, ಒಳಗೆ ಬರಿಯ ಕಬ್ಬಿಣ. ಮುರಿದ ಸ್ಪ್ರಿಂಗನ್ನು ಬೆಸೆಯಿಸಿದರೂ ಬೆಸುಗೆಯ ಮಗ್ಗುಲಿಗೇ ಮತ್ತೆ ಮುರಿಯುವದು. ಅಂಥದನ್ನು ಬದಲಿಸುವದೇ ಉಳಿತಾಯ. ಹಂಗಾಮು ತೀರಿದ ಮೇಲೆ ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು ಬಟ್ಟೆಯಿಂದ ಹಲ್ಲುಗಳಿಗೆ ಒರೆಸಿ (ಬಾವಿಯ ಹತ್ತಿರ ಚೆಲ್ಲಬಾರದು), ತಿರುಗುವ ಜಾಗಗಳಿಗೆ ಗ್ರೀಸು ತುಂಬಿ, ಕಟ್ಟಿಗೆಯ ದಿಮ್ಮಿಗಳ ಮೇಲೆ, ಸೂರಿನ ಕೆಳಗೆ ಇಡಬೇಕು. ಇಷ್ಟಕ್ಕೆ ಒಂದು ಮಧ್ಯಾಹ್ನ ಸಾಕು.

ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ತಂದೆಯ ಕಾಲದ ಕುಂಟೆ. ಎರಡು ಹಲ್ಲು ಮುರಿದಿವೆ, ಮೂರು ಸ್ಪ್ರಿಂಗು ಸತ್ತಿವೆ. ಮಗನು ಅದನ್ನು ಗುಜರಿಗೆ ತೂಗಿ ಹಾಕಿ ಹೊಸದನ್ನು ಸಾಲದ ಮೇಲೆ ತರಬೇಕೆನ್ನುವನು. ತಂದೆಯು ಯಾವದನ್ನೂ ಬದಲಿಸಬಾರದೆನ್ನುವನು. ಮಗನಿಗೆ ಬೇಕಾದದ್ದು ನೆರೆಯವರ ಕಣ್ಣಿಗೆ ಹೊಸ ಬಣ್ಣ. ತಂದೆಗೆ ಬೇಕಾದದ್ದು ಗಂಟು ಬಿಚ್ಚದಿರುವದು. ಇಬ್ಬರಲ್ಲಿಯೂ ಹೊಲದ ಚಿಂತೆಯಿಲ್ಲ. ಚೌಕಟ್ಟು ಗಟ್ಟಿಯಿದ್ದರೆ ಎರಡು ಹಲ್ಲು, ಮೂರು ಸ್ಪ್ರಿಂಗು ಕೊಂಡು ಹಾಕುವದು ನ್ಯಾಯ. ಚೌಕಟ್ಟೇ ಸೀಳಿದ್ದರೆ ಅದನ್ನು ತಂತಿಯಿಂದ ಬಿಗಿದು ನಡೆಸುವದು ಭಕ್ತಿಯೂ ಅಲ್ಲ, ಮಿತವ್ಯಯವೂ ಅಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿವಸ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸಗೊಡಲಿಲ್ಲ. ತಂದಲ್ಲಿಗೇ ಒಯ್ದು ಸುರಿದು ಬರಲು ಹೇಳಿದಳು. ಆ ಮಹಾತಾಯಿಯ ಮುಂದೆ ತಂದೆಮಕ್ಕಳ ಈ ವ್ಯಾಜ್ಯವು ಬಂದಿದ್ದರೆ, ಹೊಲಕ್ಕೆ ಎಷ್ಟು ಬೇಕು ಎಂಬೊಂದೇ ಪ್ರಶ್ನೆಯನ್ನು ಆಕೆ ಕೇಳುತ್ತಿದ್ದಳು. ಮಳೆ ಹೋದ ವರುಷ ಹೊಸ ಕುಂಟೆಯ ಕಂತು ಯಾರನ್ನೂ ಕಾಯುವದಿಲ್ಲ. ಕಂತು ಕಟ್ಟಲಿಕ್ಕೆ ಎತ್ತು ಮಾರಿದ ಮನೆಗಳು, ಹೊಲ ಒತ್ತೆಯಿಟ್ಟ ಮನೆಗಳು ಈ ಸೀಮೆಗೆ ಅಪರೂಪವಲ್ಲ.

ದುರಸ್ತಿ ಮಾಡುವವನ ಕೂಲಿಯ ಮಾತೂ ಇಲ್ಲಿಯೇ ಬರುವದು. ಹಿಂದೆ ಬಡಿಗೇರನಿಗೂ ಕಮ್ಮಾರನಿಗೂ ಕಣದಲ್ಲಿ ರಾಶಿ ಎತ್ತುವ ಮುಂಚೆ ಆಯ ಸಲ್ಲುತ್ತಿತ್ತು. ಈಗ ಹಣದ ಲೆಕ್ಕ ಬಂದಿದೆ. ಆದರೆ ಹಂಗಾಮಿನಲ್ಲಿ ಅವಸರಪಡಿಸಿ ಕೆಲಸ ಮಾಡಿಸಿಕೊಂಡು, ಸುಗ್ಗಿಯ ವರೆಗೆ ಕೂಲಿ ತಳ್ಳುವದು ನಡೆದಿದೆ. ಮಠಕ್ಕೆ ಕಾಣಿಕೆ ಕೊಟ್ಟು ಕಮ್ಮಾರನ ಕೂಲಿಯನ್ನು ಉಳಿಸಿಕೊಂಡವನ ದಾಸೋಹವು ದಾಸೋಹವಲ್ಲ. ಎರವಲು ತಂದ ಕುಂಟೆಯ ಮಾತೂ ಹಾಗೆಯೇ. ಹಲ್ಲು ಮುರಿದರೆ ಮುರಿಯಿತೆಂದು ಹೇಳಿ, ಕೂಡಿಸಿ ಕೊಡಬೇಕು. ಕತ್ತಲಲ್ಲಿ ತಂದು ಅಂಗಳದಲ್ಲಿ ನಿಲ್ಲಿಸಿ ಹೋಗಬಾರದು. ಹರಗುವ ನೆಪದಲ್ಲಿ ವರುಷಕ್ಕೊಂದು ಗೆರೆಯಂತೆ ನೆರೆಯವನ ಬದುವನ್ನು ತಿನ್ನುವವನೂ ಹೊಲಕ್ಕೆ ಹೋಗುವ ಮುಂಚೆ ಲಿಂಗಪೂಜೆ ಮಾಡಿಯೇ ಹೋಗುತ್ತಾನೆಂಬುದು ದುಃಖದ ಸಂಗತಿ.

ಎಲ್ಲಕ್ಕಿಂತ ಭಾರವಾದ ಮಾತು ಮಕ್ಕಳದು. ಎತ್ತಿನ ಕುಂಟೆಯ ಕಾಲದಲ್ಲಿ ಭಾರ ಸಾಲದಿದ್ದರೆ ಹುಡುಗನನ್ನು ದಿಂಡಿನ ಮೇಲೆ ಕೂಡಿಸುತ್ತಿದ್ದರು. ಎತ್ತುಗಳು ಒಂದು ಕೂಗಿಗೆ ನಿಲ್ಲುತ್ತಿದ್ದವು. ಆಗಲೂ ಕಾಲು ಕೊಯ್ದುಕೊಂಡ ಮಕ್ಕಳಿದ್ದರು. ಆ ರೂಢಿಯನ್ನು ಟ್ರ್ಯಾಕ್ಟರಿನ ಹಿಂದೆ ಮುಂದುವರಿಸುವದು ಕೇವಲ ಅವಿವೇಕ. ಎಂಜಿನ್ನಿನ ಸದ್ದಿನಲ್ಲಿ ಕೂಗು ಕೇಳುವದಿಲ್ಲ. ಜಾರಿ ಬಿದ್ದ ಮಗುವಿಗೂ ಹಲ್ಲುಗಳಿಗೂ ನಡುವೆ ಒಂದು ಗೇಣು ಸಹ ಇರುವದಿಲ್ಲ. ಕುಂಟೆ ಆಳಕ್ಕಿಳಿಯದಿದ್ದರೆ ಬಾಯಿ ಸವೆದಿರಬೇಕು, ಇಲ್ಲವೆ ಕಟ್ಟಿದ ಕ್ರಮ ತಪ್ಪಿರಬೇಕು, ಅದನ್ನು ತಿದ್ದಬೇಕು. ತೀರ ಅವಶ್ಯವಾದರೆ ಕಲ್ಲನ್ನೋ ಮಣ್ಣಿನ ಚೀಲವನ್ನೋ ಬಿಗಿದು ಕಟ್ಟಬೇಕು. ಎತ್ತಿ ನಿಲ್ಲಿಸಿದ ಕುಂಟೆಯ ಕೆಳಗೆ ಕೈಹಾಕಿ ಕರಿಕೆ ಬಿಡಿಸುವದೂ ಕೂಡದು. ಮೊದಲು ನೆಲಕ್ಕಿಳಿಸಿ, ಎಂಜಿನ್ನು ಆರಿಸಿ, ಆಮೇಲೆ ಕೈಹಾಕತಕ್ಕದ್ದು. ಸಂಜೆ ಹೊಲದಿಂದ ಮರಳುವಾಗ ಊರ ಅಗಸಿಯ ಹತ್ತಿರ ಮಕ್ಕಳು ಓಡಿ ಬಂದು ಚೌಕಟ್ಟಿನ ಮೇಲೆ ಹತ್ತುವದುಂಟು. ಅಲ್ಲಿ ಟ್ರ್ಯಾಕ್ಟರನ್ನು ನಿಲ್ಲಿಸಿ, ಕೆಳಗಿಳಿದು, ಹಿಂದೆ ಹೋಗಿ ನೋಡಿ, ಅವರನ್ನು ಇಳಿಸಿ, ಮನೆಯ ವರೆಗೆ ನಡೆದುಕೊಂಡು ಬರಲು ಹೇಳಬೇಕು.